ಜಗಳಕ್ಕೆ ಸೈ, ಲೆಕ್ಕಕ್ಕೆ ಅಷ್ಟಕ್ಕಷ್ಟೇ: ನಮ್ಮ ಯೂನಿಯನ್ ಆಫೀಸು (5ಕ್ಕೆ 3 ಸ್ಟಾರ್)

ಪ್ರತಿ ತಿಂಗಳು ಸಂಬಳದಲ್ಲಿ ಚಂದಾ ಕಟ್ ಆಗುತ್ತದೆ, ಆದ್ದರಿಂದ ವಿಮರ್ಶೆ ಬರೆಯುವ ಹಕ್ಕೂ ಇದೆ. ಯೂನಿಯನ್ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ್ದು. ಹೆಸರು ಬರೆಯಲ್ಲ, ನಾಳೆಯೂ ಅದೇ ಗೇಟಿನಲ್ಲಿ ಒಳಗೆ ಹೋಗಬೇಕು ಅಲ್ವಾ.

ಕೆಲಸದ ವಿಷಯಕ್ಕೆ ಬಂದರೆ ಇವರನ್ನು ಮೆಚ್ಚಲೇಬೇಕು. ಯಾರಿಗಾದರೂ ಕಂಪನಿಯಿಂದ ಚಾರ್ಜ್‌ಶೀಟ್ (ತಪ್ಪು ಮಾಡಿದ್ದೀಯ ಅನ್ನೋ ಆರೋಪದ ನೋಟಿಸ್) ಬಂದರೆ ಎನ್‌ಕ್ವೈರಿಯಲ್ಲಿ ಪಕ್ಕದಲ್ಲೇ ಬಂದು ಕೂರುತ್ತಾರೆ. ಸಂಬಳದ ಒಪ್ಪಂದದಲ್ಲೂ ಜಗ್ಗಾಡಿ ಒಳ್ಳೆ ಮೊತ್ತ ತಂದರು. ಆಮೇಲೆ ಆ ಮೊತ್ತದಲ್ಲಿ ಯೂನಿಯನ್ನಿನ ಪಾಲು, ಲೆವಿ ಅಂತ ಹಿಡಿದಾಗಲೂ ಯಾರೂ ಗೊಣಗಲಿಲ್ಲ.

ಲೆಕ್ಕ ಕೇಳಿದರೆ ಮಾತ್ರ ಮುಖ ಬಿಗಿಯುತ್ತದೆ. ಖಜಾಂಚಿ ತೋರಿಸಿದ್ದು ಒಂದೇ ಹಾಳೆ, ಅದರಲ್ಲಿ 'ಇತರೆ ಖರ್ಚು' ಅನ್ನೋ ಸಾಲೇ ಎಲ್ಲಕ್ಕಿಂತ ದೊಡ್ಡದು. ವೋಚರ್ ಎಲ್ಲಿ ಅಣ್ಣಾ ಅಂದೆ. "ನಂಬಿಕೆ ಇಲ್ವೇನಪ್ಪಾ?" ಅಂದರು. ನಂಬಿಕೆ ಇದೆ, ಪುಸ್ತಕವನ್ನೂ ಕೊಡಿ ಅಂದೆ. ಯೂನಿಯನ್ನಿನ ನಿಯಮದಲ್ಲಿ ಹೇಳಿರುವ ಹೊತ್ತಿಗೆ ಹೋದರೆ ಲೆಕ್ಕದ ಪುಸ್ತಕ, ಸದಸ್ಯರ ಪಟ್ಟಿ ಎರಡನ್ನೂ ಯಾವ ಸದಸ್ಯ ಬೇಕಾದರೂ ನೋಡಬಹುದು. ಇದು 1926ರ ಟ್ರೇಡ್ ಯೂನಿಯನ್ ಕಾಯ್ದೆಯಿಂದಲೇ ಬಂದ ಹಕ್ಕು, ಅದರ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ.

ಕೊನೆಗೆ ಪುಸ್ತಕ ಬಂತು. ಪಿನ್ ಹೊಡೆದ ರಸೀದಿಗಳ ನಡುವೆ ಒಂದು ಬಸ್ ಬಾಡಿಗೆ ಬಿಲ್ಲು, ಜೊತೆಗೆ ಊಟದ ಬಿಲ್ಲು, ತಾರೀಕು ನೋಡಿದರೆ ಚುನಾವಣಾ ರ್‍ಯಾಲಿಗೆ ಜನ ಕರಕೊಂಡು ಹೋದ ದಿನದ್ದು! ಇದನ್ನು ಸಾಮಾನ್ಯ ನಿಧಿಯಿಂದ ಕೊಡುವಂತಿಲ್ಲ. ರಾಜಕೀಯ ಕೆಲಸಕ್ಕೆ ಬೇರೆ ನಿಧಿ ಇಡಬೇಕು, ಅದಕ್ಕೆ ಬೇರೆಯಾಗಿಯೇ ವಸೂಲಿ ಮಾಡಬೇಕು, ಕೊಡಲೇಬೇಕು ಅಂತ ಯಾರನ್ನೂ ಒತ್ತಾಯಿಸುವಂತಿಲ್ಲ. ಕೊಡದವರಿಗೆ ಆ ನಿಧಿಯ ಆಡಳಿತದಲ್ಲಿ ಮಾತಿಲ್ಲದೆ ಹೋಗಬಹುದು, ಅಷ್ಟೇ. ಯೂನಿಯನ್ನಿನ ಬೇರೆ ಸವಲತ್ತು ಯಾವುದನ್ನೂ ತಪ್ಪಿಸುವಂತಿಲ್ಲ. ನಮ್ಮಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಇಲ್ಲ. ಸಂಬಳದಿಂದ ಚಂದಾ ಹಿಡಿಯೋಕೆ ನಮ್ಮ ಲಿಖಿತ ಒಪ್ಪಿಗೆ ಬೇಕು ಅನ್ನೋದೂ ಗೊತ್ತಿಲ್ಲ, ಸೇರುವಾಗ ಸುಮ್ನೆ ಫಾರಂಗೆ ಸಹಿ ಹಾಕಿರುತ್ತಾರೆ.

ಬಿಲ್ಲು ತೋರಿಸಿದಾಗ ಕಾರ್ಯದರ್ಶಿ ಕೂಗಾಡಲಿಲ್ಲ, ಮುಂದಿನ ಮಹಾಸಭೆಗೆ ಇಡುತ್ತೇನೆ ಅಂದರು. ಇಡದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಟ್ರೇಡ್ ಯೂನಿಯನ್ ರಿಜಿಸ್ಟ್ರಾರ್ ಇದ್ದಾರೆ, ಆಡಿಟ್ ಆದ ಲೆಕ್ಕ ಪ್ರತಿ ವರ್ಷ ಅಲ್ಲಿಗೇ ಹೋಗಬೇಕು.

ಸೇರಬೇಕಾ ಅಂತ ಕೇಳುವ ಹೊಸಬರಿಗೆ: ಸೇರಿ. ರಸೀದಿ ಇಟ್ಟುಕೊಳ್ಳಿ. ಪುಸ್ತಕ ನೋಡೋಕೆ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಹೋದರೆ ಪುಸ್ತಕದ ಬೀರುವಿನ ಬೀಗದ ಕೈ ಬೇಗ ಸಿಗುತ್ತದೆ. ಬಸ್ಸಿನ ದುಡ್ಡು ನಿಧಿಗೆ ವಾಪಸ್ ಬಂದ ದಿನ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.