ಅಂಟು ಹಾಕಿದ ಬಿದಿರಿನ ಜೇನುಮನೆ ಕೊಳ್ಳಬೇಡಿ

ಒಂಟಿ ಜೇನುಗಳಿಗೆಂದು ಮಾರುವ ಚೆಂದದ ಮರದ ಪೆಟ್ಟಿಗೆಗಳಿವೆಯಲ್ಲ, ಒಳಗೆ ಬಿದಿರಿನ ತುಂಡುಗಳನ್ನು ಜೋಡಿಸಿ ಅಂಟಿಸಿರುತ್ತಾರೆ, ಅವನ್ನು ದಯವಿಟ್ಟು ಕೊಳ್ಳಬೇಡಿ. "ಒಮ್ಮೆ ನೇತುಹಾಕಿದರೆ ಆಯಿತು, ಮತ್ತೆ ಮುಟ್ಟುವುದೇ ಬೇಡ" ಎಂದು ಹೇಳಿ ನನಗೆ ಮಾರಿದ್ದರು. ಆ ಮುಟ್ಟದೆ ಬಿಡುವುದೇ ನನ್ನ ತೋಟದ ಜೇನುಗಳನ್ನು ಕೊಂದಿತು.

ಮೊದಲ ವರ್ಷ ಎಲ್ಲವೂ ಚೆನ್ನಾಗಿತ್ತು. ಮಣ್ಣಿನಿಂದ ಗೂಡು ಕಟ್ಟುವ ಮೇಸನ್ ಜೇನುಗಳು ಬಂದವು. ಇವುಗಳಲ್ಲಿ ರಾಣಿ ಇಲ್ಲ, ಕೆಲಸಗಾರರಿಲ್ಲ, ತುಪ್ಪವೂ ಇಲ್ಲ. ಪ್ರತಿ ಹೆಣ್ಣೂ ತನ್ನ ಗೂಡು ತಾನೇ ಕಟ್ಟುತ್ತದೆ. ಕೊಳವೆಯ ಒಳತುದಿಯಲ್ಲಿ ಪರಾಗದ ಉಂಡೆ, ಅದರ ಮೇಲೊಂದು ಮೊಟ್ಟೆ, ಆಮೇಲೆ ಮಣ್ಣಿನ ಗೋಡೆ. ಮತ್ತೆ ಇನ್ನೊಂದು ಕೋಣೆ. ಜಗತ್ತಿನಲ್ಲಿರುವ 20,000ಕ್ಕೂ ಹೆಚ್ಚು ಬಗೆಯ ಜೇನುಗಳಲ್ಲಿ ಬಹುಪಾಲು ಹೀಗೆ ಒಂಟಿಯಾಗಿ ಬದುಕುವವೇ. ಮೇಸನ್ ಜೇನು ಹೊಟ್ಟೆಯ ಅಡಿಯ ಕೂದಲಲ್ಲಿ ಒಣ ಪರಾಗ ಹೊತ್ತು ತಿರುಗುವುದರಿಂದ ಅದು ಹೂವಿನಿಂದ ಹೂವಿಗೆ ಸುಲಭವಾಗಿ ಉದುರುತ್ತದೆ, ಕಾಯಿ ಚೆನ್ನಾಗಿ ಕಚ್ಚುತ್ತದೆ. ಕಾಯುವ ಸಂಸಾರವಿಲ್ಲದ ಕಾರಣ ಕುಟುಕುವುದೂ ತೀರಾ ಅಪರೂಪ. ಇಂಥ ಸಾಧು ಜೀವಿಗಳು!

ಎರಡನೇ ವರ್ಷ ಹೊರಬಂದದ್ದೇ ಕೆಲವು. ಬಂದವುಗಳಲ್ಲೂ ಒಂದಿಷ್ಟು ಹಾರಲಾಗದೆ ಪೆಟ್ಟಿಗೆಯ ಕೆಳಗೆ ನೆಲದ ಮೇಲೆ ತೆವಳುತ್ತಿದ್ದವು. ಮೈತುಂಬ ಕಂದು ಪುಡಿ ಮೆತ್ತಿದ ಹಾಗಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಪುಡಿಯಲ್ಲ, ಎಲ್ಲವೂ ಜೀವಂತ ನುಸಿ.

ಬಿದಿರನ್ನು ಸೀಳಿ ನೋಡಿದೆ. ಎಷ್ಟೋ ಕೋಣೆಗಳಲ್ಲಿ ಮರಿಯೇ ಇಲ್ಲ, ಪರಾಗದ ಜಾಗದಲ್ಲಿ ನುಸಿಗಳ ರಾಶಿ. ಕೆಲವು ಕಡೆ ಮರಿಹುಳುಗಳು ಶಿಲೀಂಧ್ರ ರೋಗದಿಂದ ಗಟ್ಟಿಯಾಗಿ ಕಪ್ಪಾಗಿದ್ದವು. ಇನ್ನು ಕೆಲವು ಗೂಡುಗಳಲ್ಲಿ ಸೂಜಿಮೊನೆಯಷ್ಟು ತೂತುಗಳು. ಅವು ಪರಾವಲಂಬಿ ಕಣಜಗಳು ಮಾಡಿದ ತೂತುಗಳು. ಈ ಸಣ್ಣ ಕಣಜಗಳು ಜೇನಿನ ಮರಿಯ ಮೇಲೆ ಮೊಟ್ಟೆ ಇಡುತ್ತವೆ, ಅವುಗಳ ಮರಿಗಳು ಜೇನಿನ ಮರಿಯನ್ನೇ ತಿಂದು ಬೆಳೆಯುತ್ತವೆ.

ಇವೆಲ್ಲ ನಿಸರ್ಗದಲ್ಲೂ ಇರುವವೇ. ಆದರೆ ಅಲ್ಲಿ ಗೂಡುಗಳು ಚದುರಿರುತ್ತವೆ. ನಾವು ಹತ್ತಾರು ಗೂಡುಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿ, ವರ್ಷ ವರ್ಷವೂ ಅದೇ ಕೊಳವೆ ಬಳಸಲು ಬಿಟ್ಟರೆ ರೋಗಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ? ಒಳಗಿನ ಕೋಣೆಯ ಜೇನು ಹೊರಬರಲು ಮುಂದಿನ ಕೋಣೆಗಳನ್ನು ಕೊರೆದೇ ಬರಬೇಕು. ಅಲ್ಲಿ ನುಸಿ ಇದ್ದರೆ ಅದನ್ನು ಮೈಗೆ ಹತ್ತಿಸಿಕೊಂಡು ಹೊಸ ಗೂಡಿಗೂ ಒಯ್ಯುತ್ತದೆ. ಅಂಟಿಸಿದ ಬಿದಿರನ್ನು ಬಿಚ್ಚಲಾಗದು, ತೊಳೆಯಲಾಗದು, ಬದಲಿಸಲೂ ಆಗದು. ಮಾರಿದವರನ್ನು ಕೇಳಿದರೆ, "ಜೇನು ಬಂದವಲ್ಲ, ಇನ್ನೇನು?" ಎಂದರು. ನನಗೆ ತುಂಬಾ ಸಿಟ್ಟು ಬಂತು.

ಕೊಳವೆಗಳ ಅಳತೆಯಲ್ಲೂ ಮೋಸವಿದೆ. ತಾಯಿ ಜೇನು ಹೆಣ್ಣು ಮೊಟ್ಟೆಗಳನ್ನು ಒಳಗಡೆ, ಗಂಡು ಮೊಟ್ಟೆಗಳನ್ನು ಬಾಯಿಯ ಹತ್ತಿರ ಇಡುತ್ತದೆ. ಬೆರಳುದ್ದದ ತುಂಡು ಕೊಟ್ಟರೆ ಗಂಡುಗಳೇ ಜಾಸ್ತಿ ಹುಟ್ಟುತ್ತವೆ. ಗೂಡು ಕಟ್ಟುವುದು ಹೆಣ್ಣು ಮಾತ್ರ ಅಲ್ವಾ? ಮೇಸನ್ ಜೇನಿಗೆ ಸುಮಾರು 15 ಸೆಂಟಿಮೀಟರ್ ಉದ್ದ, 8 ಮಿಲಿಮೀಟರ್ ಅಗಲದ ತೂತು ಬೇಕು. ಎಲೆ ಕತ್ತರಿಸುವ ಜೇನಿಗೆ 6 ಮಿಲಿಮೀಟರ್ ಆದರೂ ನಡೆಯುತ್ತದೆ. ಹಿಂತುದಿ ಮುಚ್ಚಿರಬೇಕು, ತೂತಿನ ಬಾಯಲ್ಲಿ ಸಿಬಿರು ಇರಬಾರದು, ಇದ್ದರೆ ರೆಕ್ಕೆ ಹರಿಯುತ್ತದೆ. ಪ್ಲಾಸ್ಟಿಕ್ ಅಥವಾ ಗಾಜಿನ ಕೊಳವೆ ಬೇಡವೇ ಬೇಡ, ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆ ಚೆಂದ ಕಾಣಲೆಂದು ತುರುಕುವ ಪೈನ್ ಕಾಯಿ, ಮರದ ಚಕ್ಕೆಗಳಿಂದ ಈ ಜೇನುಗಳಿಗೆ ಉಪಯೋಗವಿಲ್ಲ.

ದೂರದ ಊರಿನಿಂದ ಅಂಚೆಯಲ್ಲಿ ಜೇನಿನ ಕೋಶ (ಮರಿ ತನ್ನ ಸುತ್ತ ನೇಯ್ದುಕೊಳ್ಳುವ ರೇಷ್ಮೆಯಂಥ ಗೂಡು) ತರಿಸುವುದೂ ಬೇಡ. ರೋಗವೂ ಹೊರಗಿನ ಜಾತಿಗಳೂ ಜೊತೆಗೆ ಬರಬಹುದು. ಕೆನಡಾದ ಟೊರಾಂಟೊದಲ್ಲಿ 600ರಷ್ಟು ಜೇನುಮನೆಗಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೂಡು ಕಟ್ಟಿದ ಜೇನುಗಳಲ್ಲಿ ಅರ್ಧಕ್ಕೆ ಹತ್ತಿರ ಬೇರೆ ನಾಡಿನಿಂದ ಬಂದು ನೆಲೆಸಿದ ಜಾತಿಗಳೇ ಆಗಿದ್ದವು.

ಸಾಕಲೇಬೇಕೆಂದರೆ ಬಿಚ್ಚಬಹುದಾದ ಮರದ ಪದರಗಳು, ಇಲ್ಲವೇ ವರ್ಷಕ್ಕೊಮ್ಮೆ ಬದಲಿಸುವ ಕಾಗದದ ಕೊಳವೆಗಳನ್ನು ಆರಿಸಿಕೊಳ್ಳಿ. ಪೆಟ್ಟಿಗೆ ಚಿಕ್ಕದಿರಲಿ, ಗಾಳಿಗೆ ತೂಗಾಡದಂತೆ ಗೋಡೆಗೆ ಬಿಗಿಯಿರಿ, ಬೆಳಗಿನ ಬಿಸಿಲು ಬೀಳಲಿ, ಮಳೆ ಬಡಿಯದಿರಲಿ. ಹತ್ತಿರದಲ್ಲಿ ಒದ್ದೆ ಮಣ್ಣು ಇರಬೇಕು.

ಈಗಾಗಲೇ ಅಂಟಿನ ಪೆಟ್ಟಿಗೆ ತಂದಿದ್ದೀರಾ? ಒಳಗೆ ಮರಿಗಳಿರಬಹುದು, ಈಗಲೇ ಎಸೆಯಬೇಡಿ. ಜೇನು ಹೊರಬರುವ ಕಾಲಕ್ಕೆ ಸ್ವಲ್ಪ ಮೊದಲು ಅದನ್ನು ಕತ್ತಲೆಯ ರಟ್ಟಿನ ಡಬ್ಬದೊಳಗಿಟ್ಟು, ಡಬ್ಬಕ್ಕೆ ಒಂದೇ ಒಂದು ಸಣ್ಣ ತೂತು ಮಾಡಿ. ಹೊಸ ಕೊಳವೆಗಳನ್ನು ಪಕ್ಕದಲ್ಲೇ ಇಡಿ. ಜೇನುಗಳು ಬೆಳಕಿನ ಕಡೆಗೆ ಹೊರಬರುತ್ತವೆ, ಕತ್ತಲೆಯ ಡಬ್ಬಕ್ಕೆ ವಾಪಸ್ಸು ಹೋಗಿ ಗೂಡು ಕಟ್ಟುವುದು ಕಡಿಮೆ. ಎಲ್ಲವೂ ಹೊರಬಂದ ಮೇಲೆ ಹಳೆಯ ಬಿದಿರನ್ನು ತೋಟದಿಂದ ತೆಗೆದುಬಿಡಿ.