ಪೋಸ್ಟ್‌ಗ್ರೆಸ್ ಆಟೋವ್ಯಾಕ್ಯೂಮ್: ಬಹುಕಾಲ ಬಳಸಿದವರಿಗೆ ಕಾಣುವ ಗುಣದೋಷ

ರೇಟಿಂಗ್: 5ಕ್ಕೆ 4

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಅಳಿಸಿದ, ಬದಲಿಸಿದ ಸಾಲುಗಳ ಹಳೆಯ ಪ್ರತಿಗಳು (‘ಸತ್ತ ಸಾಲು’ಗಳು) ಟೇಬಲ್‌ನಲ್ಲೇ ಉಳಿಯುತ್ತವೆ. ಅವನ್ನು ಹಿನ್ನೆಲೆಯಲ್ಲಿ ತಾನಾಗಿ ಗುಡಿಸುವುದೇ ಆಟೋವ್ಯಾಕ್ಯೂಮ್. ಅದು ಡಿಸ್ಕನ್ನು ಹಿಂಡುತ್ತದೆ ಎಂದು ಆಫ್ ಮಾಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಕೆಲಸ ಅದು ಸರಿಯಾಗಿಯೇ ಮಾಡುತ್ತದೆ, ಯಾವಾಗ ಮಾಡಬೇಕೆಂಬ ಲೆಕ್ಕವನ್ನು ನಾವು ಸರಿ ಕೊಟ್ಟಿರುವುದಿಲ್ಲ.

ಡೀಫಾಲ್ಟ್ ಪ್ರಕಾರ ಟೇಬಲ್‌ನ 20% ಸಾಲುಗಳು, ಮೇಲೆ 50, ಸತ್ತ ನಂತರವೇ ಅದು ಏಳುತ್ತದೆ. 10 ಕೋಟಿ ಸಾಲಿನ ಟೇಬಲ್ ಆದರೆ 2 ಕೋಟಿ ಸತ್ತ ಸಾಲು ಗುಡ್ಡೆಯಾಗುವವರೆಗೂ ಕಾಯುತ್ತದೆ. ಅಂಥ ಟೇಬಲ್‌ಗೆ ಮಾತ್ರ ಸ್ಕೇಲ್ ಫ್ಯಾಕ್ಟರ್ (ಆ 20%, ಅಂದರೆ 0.2 ಇರುವ ಸೆಟ್ಟಿಂಗ್) 0.01 ಇಡಿ, 10 ಲಕ್ಷಕ್ಕೇ ಶುರುವಾಗುತ್ತದೆ. 18ನೇ ಆವೃತ್ತಿಯ ಹೊಸ ಗರಿಷ್ಠ ಮಿತಿ 10 ಕೋಟಿ ಸತ್ತ ಸಾಲು, ಟೇಬಲ್ ಎಷ್ಟೇ ದೊಡ್ಡದಿದ್ದರೂ ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ಅದರಿಂದ ಲಾಭ 50 ಕೋಟಿ ಮೀರಿದ ಟೇಬಲ್‌ಗಳಿಗಷ್ಟೇ.

ಗುಡಿಸುವ ಪ್ರೋಸೆಸ್‌ಗಳಾದ ವರ್ಕರ್‌ಗಳನ್ನು 3ರಿಂದ 10ಕ್ಕೆ ಏರಿಸಿ, ಕಾಸ್ಟ್ ಲಿಮಿಟ್ (ಸ್ವಲ್ಪ ನಿಲ್ಲುವ ಮುನ್ನ ಎಷ್ಟು ಕೆಲಸ ಮಾಡಬಹುದೆಂಬ ಮಿತಿ) 200ರಲ್ಲೇ ಬಿಡುವುದು ಎಲ್ಲೆಡೆ ಕಾಣುವ ತಪ್ಪು. ಆ 200 ಎಲ್ಲ ವರ್ಕರ್‌ಗಳಿಗೂ ಹಂಚಿಹೋಗುತ್ತದೆ. ಕೈ ಹೆಚ್ಚಾದಷ್ಟೂ ಒಂದೊಂದೂ ನಿಧಾನ. ಲಿಮಿಟ್ಟನ್ನೂ 1000ದ ಆಸುಪಾಸಿಗೆ ತಂದು, ಡಿಸ್ಕ್ ತಡೆದುಕೊಳ್ಳುತ್ತದೆಯೇ ನೋಡಿ.

ಈಗ ಮಾನಿಟರಿಂಗ್. ಸತ್ತ ಸಾಲುಗಳ ಸಂಖ್ಯೆಯೊಂದನ್ನೇ ಗ್ರಾಫ್ ಮಾಡಿದರೆ ಏನೂ ತಿಳಿಯದು. ಪಕ್ಕದಲ್ಲಿ ಕೊನೆಯ ಆಟೋವ್ಯಾಕ್ಯೂಮ್ ಸಮಯವೂ ಇರಲಿ. ಸಮಯ ಹೊಸದು, ಸಂಖ್ಯೆ ಮಾತ್ರ ಇಳಿದಿಲ್ಲ ಎಂದರೆ ಹಳೆಯ ಸ್ನ್ಯಾಪ್‌ಶಾಟ್ (ಡೇಟಾದ ಹಿಂದಿನ ಕ್ಷಣದ ನೋಟ) ಯಾರೋ ಹಿಡಿದಿಟ್ಟಿದ್ದಾರೆ, ಆ ಸಾಲುಗಳನ್ನು ತೆಗೆಯಲಾಗದು: ಮುಗಿಯದ ಟ್ರಾನ್ಸಾಕ್ಷನ್, ಮರೆತ ರೆಪ್ಲಿಕೇಶನ್ ಸ್ಲಾಟ್ (ಪ್ರತಿ ಸರ್ವರ್‌ಗಾಗಿ ಡೇಟಾ ಕಾದಿಡುವ ಗುರುತು), ಇಲ್ಲವೇ ಪ್ರಿಪೇರ್ಡ್ ಟ್ರಾನ್ಸಾಕ್ಷನ್ (ಸಿದ್ಧವಾಗಿ ಅಂತಿಮ ಒಪ್ಪಿಗೆಗೆ ಕಾಯುತ್ತಿರುವುದು). ಆಗ ಸ್ಕೇಲ್ ಫ್ಯಾಕ್ಟರ್ ಇನ್ನೂ ಇಳಿಸಿದಿರೋ, ವರ್ಕರ್ ಮತ್ತೆ ಮತ್ತೆ ಬಂದು ಬರಿಗೈಲಿ ಹೋಗುತ್ತದೆ, ಡಿಸ್ಕ್‌ನ ಓದು-ಬರಹ (ಐಒ) ಸುಮ್ಮನೆ ಪೋಲು. ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನೆ ಕೂತ ಸೆಷನ್‌ಗಳಿಗೆ 10 ನಿಮಿಷದ ಟೈಮ್‌ಔಟ್ ಹಾಕಿ.

ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲದ್ದು. ಡ್ಯಾಶ್‌ಬೋರ್ಡ್ ಶುಭ್ರವಾಗಲಿ ಎಂದು ಸ್ಟ್ಯಾಟಿಸ್ಟಿಕ್ಸ್ ರಿಸೆಟ್ ಮಾಡಿದರೆ ಆಟೋವ್ಯಾಕ್ಯೂಮ್ ನಂಬಿರುವ ಕೌಂಟರ್‌ಗಳೂ ಸೊನ್ನೆಯಾಗುತ್ತವೆ. ಸರ್ವರ್ ಕ್ರ್ಯಾಶ್ ಆದರೂ ಅದೇ ಕಥೆ. ಕೋಟಿ ಸತ್ತ ಸಾಲಿದ್ದರೂ ಅದಕ್ಕೆ ಟೇಬಲ್ ಸ್ವಚ್ಛ! ಪರಿಹಾರ ಸುಲಭ: ಇಡೀ ಡೇಟಾಬೇಸ್ ಮೇಲೆ ಅನಲೈಜ್ (ಟೇಬಲ್‌ಗಳ ಅಂಕಿಅಂಶ ಸಂಗ್ರಹಿಸುವ ಆಜ್ಞೆ) ಓಡಿಸಿ. ಸತ್ತ ಸಾಲುಗಳ ಅಂದಾಜು ಮತ್ತೆ ತುಂಬಿಕೊಳ್ಳುತ್ತದೆ.

ಆಟೋವ್ಯಾಕ್ಯೂಮ್ ಲಾಗ್‌ನ ಕನಿಷ್ಠ ಅವಧಿಯನ್ನು ಒಂದು ವಾರ 0 ಮಾಡಿಡಿ, ಆಗ ಪ್ರತಿ ಓಟವೂ ಲಾಗ್‌ಗೆ ಬರುತ್ತದೆ. 15ನೇ ಆವೃತ್ತಿಯಿಂದ ಡೀಫಾಲ್ಟ್ 10 ನಿಮಿಷ, ಅದಕ್ಕೂ ಮುಂಚೆ ಲಾಗೇ ಆಫ್. ಲಾಗ್‌ನಲ್ಲಿ ಒಂದೇ ಓಟಕ್ಕೆ ಇಂಡೆಕ್ಸ್ ಸ್ಕ್ಯಾನ್ (ಇಂಡೆಕ್ಸ್‌ಗಳನ್ನು ಪೂರ್ತಿ ಜಾಲಾಡಿದ ಸಲ) 1ಕ್ಕಿಂತ ಹೆಚ್ಚು ಕಂಡರೆ ಮೆಮೊರಿ ಸಾಲುತ್ತಿಲ್ಲ. ಮೇಂಟೆನೆನ್ಸ್ ಮೆಮೊರಿಯ ಡೀಫಾಲ್ಟ್ 64 ಎಂಬಿ. 17ಕ್ಕಿಂತ ಹಳೆಯದರಲ್ಲಿ ಈ ಕೆಲಸಕ್ಕೆ 1 ಜಿಬಿಗಿಂತ ಹೆಚ್ಚು ಕೊಟ್ಟೂ ಪ್ರಯೋಜನವಿಲ್ಲ.

ಒಂದು ಅಂಕ ಕಡಿತ ಮಾಡಿದ್ದು ಇದಕ್ಕೆ: ಯಾವ ಟೇಬಲ್ ಎಷ್ಟು ಹೊತ್ತು ತಿಂದಿತು ಎಂಬ ಒಟ್ಟು ಲೆಕ್ಕ 17ರವರೆಗೂ ಇರಲಿಲ್ಲ, ಎಷ್ಟು ಸಲ ಓಡಿತು ಎಂಬುದಷ್ಟೇ ಸಿಗುತ್ತಿತ್ತು. 2025ರಲ್ಲಿ ಬಂದ 18ರಲ್ಲಿ ಪ್ರತಿ ಟೇಬಲ್‌ಗೂ ಒಟ್ಟು ಆಟೋವ್ಯಾಕ್ಯೂಮ್ ಸಮಯ ಸಿಗುತ್ತದೆ. ಅಪ್‌ಗ್ರೇಡ್ ಮಾಡಿದವರು ಆ ಕಾಲಮ್ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ ಐದು ಟೇಬಲ್‌ಗಳಿಂದಲೇ ಟ್ಯೂನಿಂಗ್ ಆರಂಭಿಸಿ.