ಅಮೀನಗಡ ದಾಟಿದ ಮ್ಯಾಲಿನ ಕಾಟಾ: ಐದರಾಗ ನಾಕು ಸ್ಟಾರ್

ಬಾಗಲಕೋಟಿಯಿಂದ ಹುನಗುಂದ ಕಡೆ ಹೋಗೂವಾಗ ಅಮೀನಗಡ ದಾಟಿ ಸ್ವಲ್ಪ ಮುಂದ ಎಡಕ್ಕ ಒಂದ ವೇಬ್ರಿಜ್ ಐತ್ರಿ, ಲಾರಿ ಲೋಡ್ ಸಮೇತ ಹತ್ತಿಸಿ ತೂಗೂದು, ನಮ್ಮ ಕಡೆ ಕಾಟಾ ಅಂತೀವಲ್ಲ ಅದ. ಬೋರ್ಡ್ ಬೇವಿನ ಗಿಡದ ಹಿಂದ ಮುಚ್ಚಿ ಹೋಗೇತಿ, ಸಾವಕಾಶ ಹೋಗದಿದ್ರ ದಾಟೇ ಹೋಗ್ತೀರಿ. ಹೋದ ವರ್ಷದ ಉಳ್ಳಾಗಡ್ಡಿ ಸೀಜನ್‌ನಿಂದ ಇಲ್ಲೀತನಕ ನನ್ನ ಗಾಡಿ ಅಲ್ಲಿ ಇಪ್ಪತ್ತ ಸಲಾನರ ತೂಗಿರಬೇಕು. ಕಾಟಾಕ್ಕ ಯಾರ್ ರಿವ್ಯೂ ಬರೀತಾರೋ ಮಾರಾಯಾ ಅಂತ ನಗಬ್ಯಾಡ್ರಿ. ಹೋಟೆಲ್ ಊಟ ಕೆಟ್ಟಿದ್ರ ಹೊಟ್ಟಿ ಒಂದ ದಿನ ಕೆಡ್ತೈತಿ, ಕಾಟಾ ಕೆಟ್ಟಿದ್ರ ತಿಂಗಳ ದುಡಿಮಿ ಹೋಗ್ತೈತಿ. ನಂದ ಹೋಗೇತಿ, ಅದಕ್ಕ ಬರಿಯಾಕತ್ತೀನಿ.

ನಂದು ಹತ್ತ ವ್ಹೀಲಿನ ಗಾಡಿ, ಕೆಎ 29 ಪಾಸಿಂಗ್, ಆರ್‌ಸಿಯೊಳಗ ಲೋಡ್ ಸಮೇತ 28,000 ಕೆಜಿ ಅಂತ ಐತಿ. ಮೊದಲ ಈ ಸೈಜಿನ ಗಾಡಿಗೆ 25 ಟನ್ ಇತ್ತು, 2018ರ ಜುಲೈದಾಗ ಕೇಂದ್ರದವ್ರು ಆ್ಯಕ್ಸಲ್ ಲೋಡ್ (ಒಂದೊಂದ ಗಾಲಿ ಅಚ್ಚಿನ ಮ್ಯಾಲೆ ಹಾಕಬಹುದಾದ ವಜ್ಜಾ) ಏರಿಸಿದ ಮ್ಯಾಲೆ 28 ಆತು. ಖಾಲಿ ಗಾಡಿ, ಹಗ್ಗ, ತಾಡಪತ್ರಿ, ಸ್ಟೆಪ್ನಿ, ಡೀಸಲ್ ಎಲ್ಲಾ ಹಿಡದ್ರ ಹತ್ತ ಟನ್ ಹತ್ರ ಬರ್ತೈತಿ, ಉಳದದ್ದ ಮಾಲಿಗೆ 18 ಟನ್. ಲೆಕ್ಕ ಇಷ್ಟ ಸರಳ. ಆದ್ರ ಸಾವಕಾರ್ರಿಗೆ ಒಂದ ಗಾಡ್ಯಾಗ 20 ಟನ್ ಹೋಗಬೇಕು, ಏಜಂಟನ ಕಮಿಷನ್ ಟನ್ ಮ್ಯಾಲೆ, ನನ್ನ ಬಾಡಿಗಿನೂ ಟನ್ ಮ್ಯಾಲೆ, ಸುಳ್ಳ ಯಾಕ ಹೇಳ್ಲಿ, ಹಿಂದ ನಾನೂ ಎರಡ ಟನ್ ಹೆಚ್ಚಿಗಿ ಹಾಕ್ಸಿಕೊಂಡ ಬೆಂಗಳೂರಿನ ಯಶವಂತಪುರಕ್ಕ ಹೋಗೀನಿ, ಬಂದೀನಿ, ಏನೂ ಆಗಿಲ್ಲ.

ಸಿಕ್ಕಬಿದ್ದಿದ್ದ ಮಾತ್ರ ಕರೆಕ್ಟ್ ಹಾಕ್ಸಿದ ದಿನ. ಅದ ಹೊಟ್ಟಿ ಉರಿ. ಮಳಿ ಹತ್ತಿತ್ತು, ಚೀಲ ಎಲ್ಲಾ ಹಸಿ, ಹಮಾಲ್ರು ಎತ್ತೂವಾಗನ "ಅಣ್ಣಾರ, ಚೀಲ ವಜ್ಜಾ ಅದಾವ ನೋಡ್ರಿ" ಅಂದಿದ್ರು. ನಾ ಅದಕ್ಕ ಅಂತ ಹೇಳಿ ಬಜಾರದ ಹತ್ರ ಇದ್ದ ಒಂದ ಕಾಟಾದಾಗ ತೂಗಸಿದೆ (ಊರ ಹೆಸರ ಬ್ಯಾಡ), 27,820 ಬಂತು. 180 ಕೆಜಿ ಇನ್ನೂ ಉಳದೈತಲ್ಲೋ ಅಂತ ಖುಷೀಲೆ ಹೊಂಟ್ವಿ. ನಮ್ಮ ಡ್ರೈವರ್ ಕಾಕಾ ಮೂವತ್ತ ವರ್ಷದಿಂದ ಗಾಡಿ ಹೊಡ್ಯಾಂವ, ಹತ್ತ ಕಿಲೋಮೀಟರ್ ಹೋಗಿದ್ದಿಲ್ಲ, "ಸ್ಟೇರಿಂಗ್ ಹಗೂರ ಅನಸಾಕತ್ತೈತಿ, ಹಿಂದ ವಜ್ಜಾ ಭಾಳ ಆಗೇತಿ" ಅಂದ. ನಾ ಸ್ಲಿಪ್ ತೋರಿಸಿ ಅಂವನ ಬಾಯಿ ಮುಚ್ಚಿಸಿದೆ. ಕಂಪ್ಯೂಟರ್ ಚೀಟಿ ನಂಬಿದೆ ನೋಡ್ರಿ, ಮೂವತ್ತ ವರ್ಷ ಸ್ಟೇರಿಂಗ್ ಹಿಡದ ಕೈ ನಂಬಲಿಲ್ಲ.

ರಾತ್ರಿ ಹನ್ನೊಂದಕ್ಕ ಮುಂದಿನ ಜಿಲ್ಲಾದಾಗ ಚೆಕಿಂಗ್ ಇತ್ತು. ಗಾಡಿ ನಿಲ್ಲಸಿದ್ವಿ. ನಿಲ್ಲಸಲೇಬೇಕ್ರಿ, ತೂಕಕ್ಕ ನಿಲ್ಲಸದ ಓಡಿಸಿದ್ರ ಡ್ರೈವರ್ ಮ್ಯಾಲೆ ಬರೇ ಅದಕ್ಕ ಬ್ಯಾರೇನ 40,000 ದಂಡ ಐತಿ, ಭಾಳ ಮಂದಿ ಹುಡುಗ್ರಿಗೆ ಇದು ಗೊತ್ತ ಇಲ್ಲ, ಲೈಟ್ ಆಫ್ ಮಾಡಿ ಹಾರಸ್ತಾರ. ಹತ್ತ ಕಿಲೋಮೀಟರ್ ಒಳಗ ಕಾಟಾ ಇದ್ರ ಅಲ್ಲೀತನಕ ಗಾಡಿ ಒಯ್ಯಾಕ ಕಾಯ್ದೆದಾಗ ಚೆಕಿಂಗ್‌ನವ್ರಿಗೆ ಅಧಿಕಾರ ಐತಿ, ಹಂಗ ಒಯ್ದು ತೂಗಿಸಿದ್ರು. 29,960. ನಂಗ ಕಣ್ಣ ಕತ್ತಲ ಬಂದಂಗ ಆತು.

"ಸರ್ ಇಲ್ಲಿ ಸ್ಲಿಪ್ ನೋಡ್ರಿ, ಸಂಜೀಕ ತೂಗಿಸೇನ ಬಂದೀವಿ."

"ನಿಮ್ಮ ಸ್ಲಿಪ್ ತಗೊಂಡ ನಾವೇನ್ ಮಾಡೂದ್ರಿ, ಗಾಡಿ ಕಣ್ಣ ಮುಂದ ತೂಗೇತಲ್ಲ?"

ಮಾತ ಖರೇನ. ಏನಂತ ಜಗಳಾ ಮಾಡ್ಲಿ.

2019ರ ಸಪ್ಟೆಂಬರ್ 1ರಿಂದ ಓವರ್‌ಲೋಡ್‌ಗೆ ಕಾಯ್ದೆದಾಗಿನ ದಂಡ 20,000, ಅದರ ಮ್ಯಾಲೆ ಹೆಚ್ಚಿಗಿದ್ದ ಪ್ರತಿ ಟನ್‌ಗೆ 2,000. ಮೊದಲ ಇದು 2,000 ಮತ್ತ ಟನ್‌ಗೆ 1,000 ಇತ್ತು. ನಾ ಕಟ್ಟಿದ್ದ ಎಷ್ಟು ಅಂತ ಮನ್ಯಾಗ ಇನ್ನೂ ಪೂರಾ ಹೇಳಿಲ್ಲ, ಇಲ್ಲೂ ಹೇಳೂದಿಲ್ಲ. ಆದ್ರ ದಂಡಕ್ಕಿಂತ ತ್ರಾಸ ಕೊಟ್ಟಿದ್ದ ಅದರ ಹಿಂದಿನ ಮಾತು, ಹೆಚ್ಚಿಗಿ ಮಾಲ ಇಳಸೂ ಮಟಾ ಗಾಡಿ ಜಾಗಾ ಬಿಟ್ಟ ಅಳ್ಳಾಡಂಗಿಲ್ಲ, ಇಳಸೂ ಖರ್ಚೂ ನಮ್ದ. ಮಳ್ಯಾಗ, ನಡುರಾತ್ರಿ, ಹಮಾಲ್ರ ಇಲ್ಲ, ನಾನು, ಕಾಕಾ, ಕ್ಲೀನರ್ ಹುಡುಗ ಮೂರ ಮಂದಿ ಸೇರಿ 40 ಚೀಲ ಇಳಸಿದ್ವಿ. ಮುಂಜಾನೆ ಒಬ್ಬಾಂವ ಛೋಟಾ ಹಾತಿ (ಸಣ್ಣ ಟೆಂಪೋ) ತಂದು ಅಂವ ಹೇಳಿದ್ದ ರೇಟಿಗೆ ತಗೊಂಡ ಹೋದ, ಸಾವಕಾರ್ರು ಆ ನಲವತ್ತ ಚೀಲದ ರೊಕ್ಕ ನನ್ನ ಬಾಡಿಗ್ಯಾಗ ಮುರಕೊಂಡ್ರು. ಅವ್ರಿಗೆ ಒಂದ ರೂಪಾಯಿ ದಂಡ ಇಲ್ಲ. ಕಾಯ್ದೆದಾಗ ಗಾಡಿ ಓಡಿಸಿದಾಂವಗ ಅಷ್ಟ ಅಲ್ಲ, ಓಡಿಸಾಕ ಹಚ್ಚಿದಾಂವಗೂ ದಂಡ ಅಂತ ಬರದೈತಿ, ಆದ್ರ ಮಾಲ ತುಂಬಿಸಿದವ್ರ ಹೆಸರಿಗೆ ಚಲನ್ ಹರಿದಿದ್ದ ನಾ ನನ್ನ ಜೀವನದಾಗ ನೋಡಿಲ್ಲ. ಎಲ್ಲಾ ಚೆಕಿಂಗ್ ರೋಡ್ ಮ್ಯಾಲೆ. ಬಜಾರದ ಗೇಟಿನ ಮುಂದ ನಾಕ ದಿನ ನಿಂತ್ರ ಅರ್ಧಾ ಓವರ್‌ಲೋಡ್ ಅಲ್ಲೇ ನಿಲ್ತೈತಿ.

ಕಾಕಾಂದು ಬ್ಯಾರೆ ಚಿಂತಿ. 2015ರಾಗ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಓವರ್‌ಲೋಡ್‌ಗೆ ಕಡಿಮಿ ಅಂದ್ರ ಮೂರ ತಿಂಗಳ ಲೈಸನ್ಸ್ ಸಸ್ಪೆಂಡ್ ಮಾಡ್ರಿ ಅಂತ ರಾಜ್ಯಗಳಿಗೆ ಹೇಳೇತಿ. ರೊಕ್ಕ ಮಾಲಕಂದು ಹೋದ್ರ ಲೈಸನ್ಸ್ ಡ್ರೈವರಂದು ಹೋಗ್ತೈತಿ. ಮೂರ ತಿಂಗಳ ಅಂವ ಮನ್ಯಾಗ ಕುಂತ್ರ ಅಂವನ ಮಕ್ಕಳ ಫೀ ಯಾರ್ ಕಟ್ಟೂದು. ಪುಣ್ಯಾಕ್ಕ ಅಲ್ಲೀಮಟಾ ಹೋಗಲಿಲ್ಲ.

ವಾಪಸ್ ಬಂದ ಮ್ಯಾಲೆ ಹಗಲ ಹೊತ್ತಿನ್ಯಾಗ ಆ ಹಳೆ ಕಾಟಾಕ್ಕ ಹೋದೆ, ಜಗಳಾ ಮಾಡಾಕಂತ ಹೋಗಿದ್ದ ಖರೆ, ಆದ್ರ ಮೊದಲ ಬಗ್ಗಿ ನೋಡಿದೆ. ಪ್ಲಾಟ್‌ಫಾರ್ಮ್ ಮತ್ತ ಸುತ್ತಲಿನ ಕಾಂಕ್ರೀಟ್ ನಡುವ ಒಂದೀಟ ಸಂದಿ ಇರಬೇಕಲ್ರಿ, ಅದ್ರಾಗ ಅರಲ ತುಂಬಿ ಒಣಗಿ ಕಲ್ಲ ಆಗಿತ್ತು, ನಡುವ ಎರಡ ಖಡಿ ಬ್ಯಾರೆ ಜಡದ ಕುಂತಿದ್ವು. ಪ್ಲಾಟ್‌ಫಾರ್ಮ್ ಬಗಲಿಗೆ ಹತ್ತಿ ನಿಂತ್ರ ಗಾಡಿ ವಜ್ಜಾ ಪೂರಾ ಕೆಳಗಿನ ಲೋಡ್ ಸೆಲ್ (ತೂಕ ಅಳಿಯೂ ಸೆನ್ಸರ್) ಮ್ಯಾಲೆ ಬೀಳೂದಿಲ್ಲ, ಸ್ವಲ್ಪ ಕಾಂಕ್ರೀಟ್ ಹೊರ್ತೈತಿ, ತೂಕ ಕಡಿಮಿ ತೋರಸ್ತೈತಿ. ಗ್ವಾಡಿ ಮ್ಯಾಲಿನ ತೂಕ ಅಳತಿ ಇಲಾಖೆ ಸರ್ಟಿಫಿಕೇಟ್ ನೋಡಿದ್ರ ತಾರೀಖ ಮುಗದ ಭಾಳ ದಿನಾ ಆಗಿತ್ತು. ವರ್ಷಕ್ಕೊಮ್ಮೆ ಸ್ಟಾಂಪಿಂಗ್ ಆಗಬೇಕು ಅದು. ಅಲ್ಲಿದ್ದ ಹುಡುಗ "ಎಲ್ಲಾರೂ ಇಲ್ಲೇ ತೂಗಸ್ತಾರಲ್ರೀ" ಅಂದ. ಹೌದಪಾ, ಯಾಕ ಅಲ್ಲೇ ತೂಗಸ್ತಾರ ಅಂತ ಈಗ ತಿಳೀತು.

ಇನ್ನ ಈ ಅಮೀನಗಡದ ಕಾಟಾ. ಇಲ್ಲಿ ಕುಂದರಾಂವ ಒಬ್ಬ ವಯಸ್ಸಾದ ಅಜ್ಜಾ, ಮಾತ ಕಮ್ಮಿ, ಸಿಟ್ಟ ಜಾಸ್ತಿ. ಮೊದಲನೇ ಸಲ ಹೋದಾಗ ಗಾಡಿ ಹತ್ತಿಸಿದ ಕೂಡಲೇ "ಬಂದ್ ಮಾಡೋ ಎಂಜಿನ್, ಇಳೀರಿ ಎಲ್ಲಾರೂ" ಅಂತ ಬೈದ. ನಮ್ಮ ಕ್ಲೀನರ್ ಕ್ಯಾಬಿನ್ನಾಗ ಮಲಗಿದ್ದ, ಅಂವನ್ನೂ ಎಬ್ಬಿಸಿ ಇಳಿಸಿದ. ಗಾಡಿ ಹತ್ತೂಕಿಂತ ಮೊದಲ ಡಿಸ್ಪ್ಲೇ ಜೀರೋ ಐತೇನ ಅಂತ ನಮಗ ತೋರಸ್ತಾನ, ಡಿಸ್ಪ್ಲೇ ಹೊರಗೂ ಒಂದ ಹಾಕ್ಯಾರ, ಡ್ರೈವರ್‌ಗ ಕಾಣೂಹಂಗ. ಪ್ಲಾಟ್‌ಫಾರ್ಮ್ ಉದ್ದ ಐತಿ, ಹತ್ತ ವ್ಹೀಲ್ ಆರಾಮ ನಿಂತು ಹಿಂದ ಇನ್ನೂ ಜಾಗಾ ಉಳೀತೈತಿ. ಬದಿ ಸಂದಿ ದಿನಾ ಮುಂಜಾನೆ ಕಬ್ಬಿಣದ ಪಟ್ಟಿಲೆ ಕೆರದ ತಗೀತಾನ, ನಾನ ಎರಡ ಸಲ ನೋಡೀನಿ. ಶೆಡ್‌ನಾಗ ಟೆಸ್ಟ್ ಮಾಡೂ ತೂಕದ ಕಲ್ಲ ಸಾಲಾಗಿ ಇಟ್ಟಾರ. ಸ್ಲಿಪ್ಪಿನ ಮ್ಯಾಲೆ ಗಾಡಿ ಮುಂದಿಂದು ಹಿಂದಿಂದು ಫೋಟೊ ಬರ್ತೈತಿ. ಹತ್ತ ವ್ಹೀಲಿಗೆ 150 ತಗೊಂಡ್ರು, ಬ್ಯಾರೆ ಕಡೆಕ್ಕಿಂತ ಮೂವತ್ತ ಹೆಚ್ಚು. ಕೊಡಾಕ ನಂಗೇನ ತ್ರಾಸ ಇಲ್ಲ.

ನಂಗ ಎಲ್ಲಾಕ್ಕಿಂತ ಸೇರಿದ್ದು ಆ್ಯಕ್ಸಲ್ ತೂಕ. ಕೇಳಿದ್ರ ಮುಂದಿನ ಗಾಲಿ ಅಷ್ಟ ಹತ್ತಿಸಿ ಒಮ್ಮೆ, ಆಮ್ಯಾಲೆ ಪೂರಾ ಒಮ್ಮೆ ತೂಗಿಸಿ ಕೊಡ್ತಾನ. ಯಾಕ ಬೇಕು ಅಂದ್ರ, ನಮ್ಮ ಗಾಡಿಗೆ 28 ಅಂದ್ರ ಮುಂದಿನ ಆ್ಯಕ್ಸಲ್‌ಗೆ 7, ಹಿಂದಿನ ಜೋಡಿ ಆ್ಯಕ್ಸಲ್‌ಗೆ 21. ಒಟ್ಟ ತೂಕ ಸರಿ ಇದ್ರೂ ಹಮಾಲ್ರು ಚೀಲ ಎಲ್ಲಾ ಹಿಂದಕ್ಕ ಒಟ್ಟಿದ್ರ ಹಿಂದ 23 ಆಗಿರ್ತೈತಿ, ಮುಂದ 5. ಆಗ ಸ್ಟೇರಿಂಗ್ ಹಗೂರ ಆಗ್ತೈತಿ, ಕಾಕಾ ಹೇಳಿದ್ದ ಇದ. ಮುಂದಿನ ಟೈರ್ ರೋಡ್ ಹಿಡ್ಯೂದಿಲ್ಲ, ಹಸಿ ರೋಡ್ ಮ್ಯಾಲೆ ಬ್ರೇಕ್ ಒತ್ತಿದ್ರ ಗಾಡಿ ನೆಟ್ಟಗ ನಿಲ್ಲೂದಿಲ್ಲ, ಹಿಂದಿನ ಟೈರ್ ಕಾಯ್ದು ಬ್ಯಾಸಗಿಯೊಳಗ ಒಡೀತಾವ, ಇಳಿಜಾರಿನ್ಯಾಗ ಬ್ರೇಕ್ ಲೈನರ್ ಸುಟ್ಟ ವಾಸನಿ ಬರೂದು ಅಂದ್ರನೂ ಇದ. ಈಗ ಅಜ್ಜಾನ ಸ್ಲಿಪ್ ನೋಡಿ ಮೂರ ಸಲ ಚೀಲ ಮುಂದಕ್ಕ ಸರಿಸಿ ಕಟ್ಟಿಸೀನಿ, ಕಾಕಾನ ಮಾರಿ ಮ್ಯಾಲೆ ಆಗ ಒಂದ ನಗಿ ಬರ್ತೈತಿ ನೋಡ್ರಿ, ಬಾಯಿಲೆ ಏನೂ ಅನ್ನೂದಿಲ್ಲ.

ಲೋಡ್ ಮ್ಯಾಲೆ ಮಂದಿ ಕುಂದ್ರಿಸಿಕೊಂಡ ಬಂದ ಗಾಡಿ ಅಜ್ಜಾ ತೂಗೂದ ಇಲ್ಲ, "ಇಳಿಸಿ ಬಸ್ಸಿಗೆ ಕಳಸು, ಆಮ್ಯಾಲೆ ಬಾ" ಅಂತಾನ. 2025ರ ಜನವರಿದಾಗ ಯಲ್ಲಾಪುರ ಹತ್ರ ಸವಣೂರಿನ ಕಾಯಿಪಲ್ಲೆ ಗಾಡಿ ಉರುಳಿ ಹತ್ತ ಮಂದಿ ಹೋದ್ರಲ್ಲ, ಅವ್ರೆಲ್ಲಾ ಮಾಲ ಮಾರಾಕ ಕುಮಟಾ ಸಂತಿಗೆ ಹೊಂಟವ್ರು. ಅದಾದ ಮ್ಯಾಲೆ ನಾನೂ ಹಮಾಲ್ರನ್ನ ಮ್ಯಾಲೆ ಕುಂದ್ರಸೂದ ಬಿಟ್ಟೀನಿ, ಅವ್ರ ಬಸ್ ಚಾರ್ಜ್ ಕೊಡ್ತೀನಿ, ಮುಗೀತು.

ಒಂದ ಮಾತ ಹೇಳದ ಇರಾಕ ಆಗವಲ್ದು. ಕಬ್ಬಿನ ಸೀಜನ್ ಸುರು ಆತಂದ್ರ ಮುಧೋಳ, ಜಮಖಂಡಿ ಕಡೆ ರಾತ್ರಿ ಗಾಡಿ ಹೊಡದ ನೋಡ್ರಿ. ಒಂದ ಟ್ರ್ಯಾಕ್ಟರ್, ಹಿಂದ ಎರಡ ಟ್ರೇಲರ್, ಬಗಲಿಗೆ ಕಬ್ಬ ಚಾಚಿರ್ತಾವ, ಹಿಂದ ಲೈಟ್ ಇಲ್ಲ, ಕೆಂಪ ರಿಫ್ಲೆಕ್ಟರ್ ಪಟ್ಟಿ ಇಲ್ಲ, ಹಾಡ ಮಾತ್ರ ಮೂರ ಊರಿಗೆ ಕೇಳ್ತೈತಿ. ಹಾಡ ಕೇಳೇ ಬ್ರೇಕ್ ಒತ್ತಬೇಕು ನಾವು. ನಮ್ಮ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡೂವಾಗ ಮುಂದ ಬಿಳಿ, ಬಗಲಿಗೆ ಹಳದಿ, ಹಿಂದ ಕೆಂಪ ಟೇಪ್ ಒಂದ ಗೇಣ ಕಿತ್ತಿದ್ರೂ ವಾಪಸ್ ಕಳಸ್ತಾರ, ಕಳಸ್ಲಿ, ಬ್ಯಾಡ ಅನ್ನೂದಿಲ್ಲ, ಸ್ಪೀಡ್ ಗವರ್ನರ್ 80ಕ್ಕ ಲಾಕ್ ಮಾಡ್ರಿ ಅಂತಾರ, ಮಾಡೀವಿ. ಅದ ರೋಡಿನ್ಯಾಗ ಟ್ರ್ಯಾಕ್ಟರ್ ಹೊಂಟ್ರ ರೈತರ ಗಾಡಿ ಬಿಡ್ರಿ ಅಂತಾರ. ನಮ್ಮಣ್ಣಂದೂ ಮೂರ ಎಕರೆ ಕಬ್ಬ ಐತ್ರಿ, ನಾನೂ ರೈತನ ಮಗನ, ಆದ್ರ ಕತ್ತಲದಾಗ ಆ ಟ್ರೇಲರ್‌ಗೆ ಬೈಕಿನವ್ರು ಹೋಗಿ ಬಡ್ಯೂದು ಪ್ರತಿ ಸೀಜನ್ ಕೇಳ್ತೀವಿ. ಒಂದ ಟ್ರೇಲರ್‌ಗೆ ಟೇಪ್ ಹಚ್ಚಾಕ ಎಷ್ಟರ ಖರ್ಚ ಬರ್ತೈತಿ?

ಹಾಂ, ಕಾಟಾದ ಕೊರತಿ ಹೇಳಿ ಬಿಡ್ತೀನಿ. ಹತ್ತೂ ರ‍್ಯಾಂಪ್ ಕಡಿದು ಐತಿ, ಎತ್ತರದ ಲೋಡ್ ಇದ್ರ ಗಾಡಿ ಒಂದಿಷ್ಟ ವಾಲ್ತೈತಿ, ಮೊದಲ ಸಲ ಹೋದವ್ರು ಸಾವಕಾಶ ಹತ್ತಸ್ರಿ. ಕರೆಂಟ್ ಹೋದ್ರ ಜನರೇಟರ್ ಸುರು ಮಾಡಾಕ ಅಜ್ಜಾಗ ಹತ್ತ ನಿಮಿಷ ಬೇಕು, ಯಾರರ ಹುಡುಗ್ರು ಹೋಗಿ ಹಗ್ಗ ಜಗ್ಗಬೇಕು. ಫೋನ್‌ಪೇ ಒಮ್ಮೆ ನಡೀತೈತಿ ಒಮ್ಮೆ ಇಲ್ಲ, ಚಿಲ್ರೆ ಇಟ್ಕೊಂಡ ಹೋಗ್ರಿ. ಚಾ ಸಿಗೂದಿಲ್ಲ, ಅದಕ್ಕ ಅಮೀನಗಡದಾಗ ನಿಂತ ಕುಡದ, ಬೇಕಿದ್ರ ಅರ್ಧಾ ಕಿಲೋ ಕರದಂಟ ಕಟ್ಟಿಸಿಕೊಂಡ ಬರ್ರಿ, ಯಶವಂತಪುರ ಮಟಾ ನಿದ್ದಿ ತಡಿಯಾಕ ಅದು ಚೊಲೋ.

ಒಂದ ಸ್ಟಾರ್ ಕಡದಿದ್ದ ಟೈಮಿಗೆ. ರಾತ್ರಿ ಒಂಬತ್ತೂವರಿಗೆ ಸರಪಳಿ ಹಾಕಿ ಬೀಗ ಜಡದ ಬಿಡ್ತಾರ. ಉಳ್ಳಾಗಡ್ಡಿ ಗಾಡಿ ತುಂಬಿ ಹಗ್ಗ ಕಟ್ಟಿ ಹೊರಡೂದ ಹತ್ತರ ಮ್ಯಾಲೆ, ಅಷ್ಟೊತ್ತಿಗೆ ರೋಡ್ ಮ್ಯಾಲೆ ತೆಗದಿರೂದ ಆ ಹಳೆ ಕಾಟಾ ಒಂದ. ಮಾಲಕ್ರು ಇದ ಓದಿದ್ರ ಸೀಜನ್ ಎರಡ ತಿಂಗಳರ ರಾತ್ರಿ ಪಾಳಿಗೆ ಒಬ್ಬ ಹುಡುಗನ್ನ ಇಡ್ರಿ, 150ರ ಬದ್ಲಿ 200 ತಗೋರಿ, ನಾವ್ ಕೊಡ್ತೀವಿ. ಹೋದ ವಾರ ನಾ ಒಂಬತ್ತ ನಲವತ್ತಕ್ಕ ಬಂದೆ, ಅಜ್ಜಾ ಬೀಗ ಹಾಕಿ ಲೂನಾ ಹತ್ತಿದ್ದ. ಕೈ ಮುಗದು ಕೇಳಿದೆ. ಬೈಕೋಂತ ಬೈಕೋಂತ ಇಳದು ಬೀಗ ತಗದ, ಸಂದಿ ಒಮ್ಮೆ ಬ್ಯಾಟರಿ ಬಿಟ್ಟ ನೋಡಿದ, "ಎಂಜಿನ್ ಬಂದ್ ಮಾಡು" ಅಂದ. 27,960 ಬಂತು.